ಹೊಸ ಮಷೀನಿನ ಮೊದಲ ಲೆಕ್ಕ

ಲಿಫ್ಟಿಗೆ ಕಾಯುತ್ತಿದ್ದ ಅಂಚೆಯವನ ಕಿವಿಗೆ, ಮುಂದೆ ನಿಂತಿದ್ದ ಕಂಪ್ಯೂಟರ್ ಲ್ಯಾಬಿನ ಇಬ್ಬರು ಹೆಂಗಸರ ಮಾತು ಬಿತ್ತು.

“ಮೂರು ಮಷೀನು, ಒಂದೊಂದಕ್ಕೂ ಬೇರೆ ಬೇರೆ ಲಿನಕ್ಸ್ ಸಿಸ್ಟಮ್. ಮೂರಕ್ಕೂ ಲೆಕ್ಕದ ಸಾಫ್ಟ್‌ವೇರ್ ಹಾಕಿದೆ ಅಕ್ಕಾ. ತೀರಿಹೋದ ನಮ್ಮ ಲ್ಯಾಬಿನ ಸರ್ ಹೇಗೆ ಪರೀಕ್ಷೆ ಮಾಡ್ತಿದ್ರು?”

“ಈಗಿನ ವರ್ಷದಿಂದ ತಾವು ಹುಟ್ಟಿದ ವರ್ಷ ಕಳೀತಿದ್ರು. ತಮ್ಮ ವಯಸ್ಸು ಸರಿಯಾಗಿ ಬಂದ್ರೆ ಎಲ್ಲ ಸರಿ ಅಂತ.”

“ನಾನು ಏನೂ ಟೈಪ್ ಮಾಡಿರ್ಲಿಲ್ಲ. ಎರಡು ಮಷೀನಲ್ಲಿ ಅವರ ಲೆಕ್ಕ ಉತ್ತರದ ಸಮೇತ ಆಗ್ಲೇ ಇತ್ತು.”

“ಹಳೇದು ಉಳಿದಿರುತ್ತೆ ಬಿಡೇ.”

“ಡಿಸ್ಕೇ ಹೊಸದು.”

“ಮೂರನೇದ್ರಲ್ಲಿ?”

“ಅಲ್ಲೂ ಅದೇ ಲೆಕ್ಕ. ಹುಟ್ಟಿದ ವರ್ಷ ಮಾತ್ರ ನಿಮ್ಮದು. ಎಂಟರ್ ಒತ್ತೋದು ಬಾಕಿ ಇತ್ತು. ನಾನು ಒತ್ತಲಿಲ್ಲ.”

ಲಿಫ್ಟ್ ಬಂತು. ದೊಡ್ಡವಳು ಅದನ್ನು ಬಿಟ್ಟು ಮೆಟ್ಟಿಲಿನತ್ತ ನಡೆದಳು. ಚಿಕ್ಕವಳು ಅವಳ ಹಿಂದೆಯೇ ಹೋದಳು. ಒಳಗೆ ಒಬ್ಬನೇ ನಿಂತ ಅಂಚೆಯವನಿಗೆ ಗುಂಡಿ ಒತ್ತಲು ಬೆರಳೇ ಏಳಲಿಲ್ಲ.