ಒಂದು ಬೋಲ್ಟಿನ ಜಗಳ

ಗ್ಯಾರೇಜಿನಲ್ಲಿ ಸ್ಕೂಟರಿಗಾಗಿ ಕಾದು ಕುಳಿತಿದ್ದ ದರ್ಜಿಗೆ, ಪಕ್ಕದ ಬೆಂಚಿನ ಅಕ್ಕ-ತಮ್ಮನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕ ಕಾರು ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದಿದ್ದಳು.

“ನಿಮ್ಮ ಸಹವಾಸ ಬೇಡ ಅಂತಾನೇ ಯೂನಿಯನ್ ಇಲ್ಲದ ಕಂಪನಿ ಕಾರು ತಗೊಂಡೆ ಕಣಕ್ಕ. ನೀವು ಮಾತೆತ್ತಿದ್ರೆ ಕೆಲಸ ನಿಲ್ಲಿಸ್ತೀರ.”

“ಬೋಲ್ಟು ಸಡಿಲ ಇತ್ತು, ಲೈನ್ ನಿಲ್ಲಿಸಿದೆ. ತಪ್ಪಾ?”

“ಒಂದು ಬೋಲ್ಟಿಗೆ ಇಡೀ ಫ್ಯಾಕ್ಟರಿ ನಿಲ್ಲಿಸೋದಾ? ತಲೆ ನೆಟ್ಟಗಿದೆಯಾ?”

“ಮೊದಲೆಲ್ಲ ನಿಲ್ಲಿಸಿದವರನ್ನ ಕೆಲಸದಿಂದ ತೆಗೀತಿದ್ರು. ಕಂಡ್ರೂ ಕಾಣದ ಹಾಗೆ ಇರ್ತಿದ್ವಿ. ಯೂನಿಯನ್ ಬಂದ ಮೇಲೇ ‘ನಿಲ್ಲಿಸಿ’ ಅನ್ನೋ ಧೈರ್ಯ ಬಂದಿದ್ದು.”

“ಧೈರ್ಯ ಅಲ್ಲ, ಸೊಕ್ಕು!”

ಅಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

“ಸರ್, ನಿಮ್ಮ ಕಾರಲ್ಲಿ ಗಡಗಡ ಅಂತಿದ್ದಿದ್ದು ಹಿಂದಿನ ಸೀಟು. ಫ್ಯಾಕ್ಟರೀಲೇ ಬೋಲ್ಟು ಬಿಗಿ ಮಾಡಿಲ್ಲ.”

ತಮ್ಮ ಧಡಕ್ಕನೆ ಎದ್ದ.

“ಅಲ್ಲಿ ನನ್ನ ಮಗಳು ಕೂರ್ತಾಳೆ ಕಣ್ರೀ! ಅಷ್ಟು ಜನ ಕೆಲಸ ಮಾಡ್ತಾರಲ್ಲ, ಒಬ್ಬರಿಗಾದ್ರೂ ನಿಲ್ಲಿಸಬೇಕು ಅನ್ನಿಸಲಿಲ್ವಾ?”

ಅಕ್ಕ ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ನಡೆದಳು. ಅವನು ಗೊಣಗುತ್ತ ಹಿಂದೆಯೇ ಹೊರಟ. ಹೊಸ್ತಿಲು ದಾಟುವಾಗ ಅವಳ ದನಿ ದರ್ಜಿಗೆ ಸ್ಪಷ್ಟವಾಗಿ ಕೇಳಿಸಿತು.

“ಅನ್ನಿಸಿರುತ್ತೆ ಕಣೋ. ಪಾಪ, ಅವರಿಗೆ ಸೊಕ್ಕಿಲ್ಲ.”