ನೇಗಿಲು ಎತ್ತದ ಜಾಗ

ಮಳೆ ಡ್ಯಾನ್ಯೂಬ್ ನದಿಯ ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಹಾಕಿತ್ತು. ಆಚೆ ದಡಕ್ಕೆ ಹೋಗಬೇಕಾದವರು, ಹೋಗಲು ಮನಸ್ಸಿಲ್ಲದವರು, ಎಲ್ಲರೂ ಊರಗೋಡೆಗೆ ಆತುಕೊಂಡಿದ್ದ ಬ್ರೋಗಿಮಾರಜ್ಜಿಯ ಹೆಂಡದಂಗಡಿಯೊಳಗೆ ತುರುಕಿಕೊಂಡಿದ್ದರು. ಗೋಡೆಯ ಬಿರುಕು ಮುಚ್ಚಲು ಬಂದಿದ್ದ ಗಾರೆ ಕೆಲಸದ ಇಯಂತು ಅದೇ ಗೋಡೆಗೆ ಒರಗಿ ಕೂತು ಬಟ್ಟಲು ಖಾಲಿ ಮಾಡುತ್ತಿದ್ದ.

"ಅಜ್ಜೀ, ಮುಚ್ಚೋದ್ಯಾಕೆ, ಇಲ್ಲೊಂದು ಬಾಗ್ಲು ಇಟ್ಬಿಡ್ಲಾ? ನಿನ್ನ ಗಿರಾಕಿಗಳು ನೆಟ್ಟಗೆ ನದಿಗೇ ಬೀಳ್ತಾರೆ."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಒಲೆಗೆ ಒಂದು ಕಟ್ಟಿಗೆ ಒಟ್ಟಿದಳು.

"ಅದನ್ನೇ ಅಲ್ವೇನೋ ನಾನು ಇಷ್ಟು ವರ್ಷದಿಂದ ಊರ ಹಿರೀಕರ ಹತ್ರ ಬೇಡ್ತಿರೋದು... ಕೇಳಿ ಹಾಗಾದ್ರೆ. ಇದು ಊರೇ ಅಲ್ದಿದ್ದಾಗಿನ ಮಾತು. ಸಿಪಾಯಿಗಳ ಕೋಟೆ ಇತ್ತು, ಕೋಟೆ ಬಾಗ್ಲಿಗೆ ಉಣ್ಣಿ ಹಂಗೆ ಅಂಟ್ಕೊಂಡು ನಮ್ಮ ಗುಡಿಸಲುಗಳಿದ್ವು, ಅಷ್ಟೇ. ಸಿಪಾಯಿ ಸೇವೆ ಮುಗಿಸಿ ಬಿಡುಗಡೆ ಬರೆದ ಕಂಚಿನ ಹಲಗೆ ತಗೊಳ್ಳೋ ತನಕ ಮದ್ವೆ ಆಗೋ ಹಂಗಿಲ್ಲ. ಹಂಗಂತ ಮಕ್ಳಾಗೋದು ನಿಲ್ಲತ್ತಾ? ನಮ್ಮಪ್ಪ ರೆಸ್ಸಾತ ನದಿ ದಡದ ಕಾಲುದಾರೀಲಿ ಕದ್ದು ಬರ್ತಿದ್ದ. ಹಿತ್ಲ ಕಂಬಕ್ಕೆ ಎರಡು ಸಲ ತಟ್ತಿದ್ದ, ನಮ್ಮವ್ವ ಕೋಮಾತಾ ಒಳಗಿಂದ ಎರಡು ಸಲ ತಟ್ತಿದ್ಲು. ಆಮೇಲೇ ಅವನು ಒಳಗೆ ಬರೋದು. ನೀರಿಗೆ ಹೋದಲ್ಲೆಲ್ಲ ಹೆಂಗಸ್ರು ಅವಳಿಗೆ ಹಿತ್ಲಬಾಗ್ಲೋಳು ಅಂತಿದ್ರು. ನುಂಗ್ಕೊಂಡಿದ್ಲು ಪಾಪ...

"ಅಪ್ಪ ದಂಡಿನ ಜೊತೆ ನದಿ ದಾಟಿ ಹೋದ. ಅವನು ಆ ಕಡೆ ಇರುವಾಗ್ಲೇ ಈ ಕಡೆ ಚಕ್ರವರ್ತಿ ನಮ್ಮ ಗುಡಿಸಲುಗಳಿಗೆ ಪಟ್ಟಣ ಅಂತ ಹೆಸರು ಕೊಟ್ಟ. ಎಲ್ಲಿಯ ಪಟ್ಟಣ, ಹಂದಿ ಗೂಡಿಗೂ ಬೀದಿ ಹೆಸರು ಬಂತು. ಎಲ್ಲೆ ಗೆರೆ ಎಳೆಯೋಕೆ ಬಿಳೀ ಹೋರಿ ಬಿಳೀ ಹಸು ಕಟ್ಟಿ, ತಲೆ ಮೇಲೆ ಮುಸುಕು ಹಾಕ್ಕೊಂಡು ಅದ್ನಾಮ ಅನ್ನೋನು ನೇಗಿಲು ಹಿಡ್ದ. ನೇಗಿಲು ಊರಿದ ಜಾಗ ದೇವರದ್ದು, ಬದುಕಿದ್ದೋರಾಗ್ಲಿ ಸತ್ತೋರಾಗ್ಲಿ ದಾಟೋ ಹಂಗಿಲ್ಲ. ಬಾಗ್ಲು ಬರೋ ಕಡೆ ಮಾತ್ರ ನೇಗಿಲನ್ನ ಎತ್ತಿ ಹಿಡ್ದು ನಡೀಬೇಕು.

"ನಮ್ಮ ಹಿತ್ಲಿಗೆ ಬಂದಾಗ ಅದ್ನಾಮ ನಿಂತ. ಅಪ್ಪನ ಹಳೇ ಜೊತೆಗಾರ ಅವನು. 'ತಂಗೀ, ರೆಸ್ಸಾತ ಬರೋ ದಾರಿ ಇದೇ ಅಲ್ವಾ? ಒಂದಾಳು ನುಗ್ಗೋಷ್ಟು ಎತ್ತಿ ಹಿಡೀಲಾ?' ಅಂದ.

"ಹಿಂದೆ ಊರೆಲ್ಲ ನಿಂತಿದೆ. ಯಾವಳೋ ಕಿಸಕ್ಕಂದ್ಲು. ಅವ್ವನ ಮುಖ ಕೆಂಪಾಯ್ತು. 'ಬೇಡಣ್ಣ. ಇನ್ಮೇಲೆ ನನ್ನ ಗಂಡ ಕಂಚಿನ ಹಲಗೆ ಹಿಡ್ಕೊಂಡು ಹಾಡಹಗಲಲ್ಲಿ ದೊಡ್ಡ ಬಾಗ್ಲಿಂದ ಬರ್ತಾನೆ. ನೀನು ಉಳು' ಅಂದ್ಲು. ಉತ್ತ ಹೆಂಟೆ ಗೆರೆ ಹೊರಗಡೆಗೆ ಬೀಳಬಾರ್ದು ಅಂತ ಶಾಸ್ತ್ರ ನೋಡಿ... ನನ್ನನ್ನ ಸೊಂಟದ ಮೇಲಿಟ್ಕೊಂಡು, ಆ ಹೆಂಟೆಗಳನ್ನ ತಾನೇ ಬಗ್ಗಿ ಬಗ್ಗಿ ಒಳಗೆ ಮಗಚಿದ್ಲು.

"ಆ ಗೆರೆ ಮೇಲೆ, ನಮ್ಮ ಹಿತ್ಲಲ್ಲೇ, ಈ ಗೋಡೆ ಎದ್ದಿತು. ದಂಡು ತಿರುಗಿ ಬಂತು. ಅಪ್ಪ ಬರಲಿಲ್ಲ... ಮೊದಲನೇ ಮಳೆ ಬಿದ್ದ ದಿನ ಗೋಡೆಗೆ ಹೊರಗಡೆಯಿಂದ ಎರಡು ಸಲ ತಟ್ಟಿದ ಶಬ್ದ.

"ಅವ್ವ ದೊಡ್ಡ ಬಾಗ್ಲಿಗೆ ಓಡಿ, ಅಲ್ಲಿಂದ ಗೋಡೆ ಸುತ್ತಿ ಬಂದ್ರೆ ಯಾರೂ ಇಲ್ಲ. ಕೆಸರಲ್ಲಿ ಸಿಪಾಯಿ ಮೆಟ್ಟಿನ ಮೊಳೆ ಗುರುತು, ಅತ್ಲಾಗೂ ಇತ್ಲಾಗೂ, ದಾರಿ ಹುಡುಕ್ದಂಗೆ. ಮನೆಗೆ ಬಂದ್ಲು, ಮತ್ತೆ ತಟ್ಟಿತು. ಹೊರಗೆ ಹೋದ್ರೆ ಅವನಿಲ್ಲ, ಒಳಗೆ ಬಂದ್ರೆ ಅವನು ಗೋಡೆ ಹಿಂದೆ. 'ದೊಡ್ಡ ಬಾಗ್ಲಿಂದ ಬಾರೋ, ಈಗ ಯಾರೂ ಏನೂ ಅನ್ನಲ್ಲ' ಅಂತ ಕಲ್ಲಿಗೆ ಬಾಯಿಟ್ಟು ಕೂಗ್ತಿದ್ಲು. ಕಾವಲಿನವರು ಕುಡಿದಿದಾಳೆ ಅಂದ್ರು. ನಮ್ಮನೆ ಹೆಂಡ ಕುಡ್ದು ಯಾರಿಗಾದ್ರೂ ಅಮಲೇರಿದ್ದುಂಟಾ? ಸತ್ತೋನು ಅವನು, ಬದುಕಿದ್ದಾಗ ನಡೆದ ದಾರಿ ಬಿಟ್ರೆ ಅವನಿಗೇನು ಗೊತ್ತು ಹೇಳಿ?

"ಸಾಯೋವಾಗ ಅವ್ವ ಒಂದೇ ಒಂದು ಕೇಳಿದ್ಲು. 'ನನ್ನನ್ನ ಈ ಗೋಡೆ ಮೇಲಿಂದ ದಾಟ್ಸು ಮಗಳೇ.' ಊರ ಹಿರೀಕರು ಬಿಡಲಿಲ್ಲ. ಕೊಳಲೂದಿಸ್ಕೊಂಡು, ಹಾಡಹಗಲಲ್ಲಿ, ದೊಡ್ಡ ಬಾಗ್ಲಿಂದ ಹೊತ್ಕೊಂಡು ಹೋದ್ರು... ಅವನಿಗೆ ಅಂತ ಆಸೆಪಟ್ಟಿದ್ದ ಮೆರವಣಿಗೇನ ಅವಳೇ ಮಾಡಿಸ್ಕೊಂಡ್ಲು.

"ನಾನೇನು ಕಮ್ಮೀನಾ? ಸುಟ್ಟ ಮೇಲೆ ಅವಳ ಬೂದಿ ಮಡಕೆ ತಂದು ಈ ಗೋಡೆಯ ಹೊರಗಡೆ ಬುಡದಲ್ಲೇ ಹೂತೆ. ಸೇರ್ಕೊಂಡ್ರು ಬಿಡು ಅಂದ್ಕೊಂಡು ಬಂದು ಮಲಗ್ದೆ. ಮಳೆ ಬಂತು. ಹೊರಗಿಂದ ಎರಡು ಸಲ ತಟ್ಟಿತು..."

ಅಜ್ಜಿ ಒಲೆಯ ಕೊಳ್ಳಿಯನ್ನು ಒಳಗೆ ದೂಡಿದಳು. ಹೊರಗೆ ಮಳೆ ಸುರಿಯುತ್ತಿತ್ತು.

"ಒಳಗಿಂದಾನೂ ಎರಡು ಸಲ ತಟ್ಟಿತು. ಅವಳೂ ಅಷ್ಟೇ ಕಣ್ರಪ್ಪ. ಎಲ್ಲಿ ಕೂತು ಕಾಯ್ತಿದ್ಲೋ ಅಲ್ಲಿಗೇ ವಾಪಸ್ ಬಂದಿದ್ಲು."

ಇಯಂತು ಬಟ್ಟಲು ಕೆಳಗಿಟ್ಟ. "ಮಳೆನೀರಿನ ಸದ್ದಿರ್ಬೇಕು ಅಜ್ಜೀ," ಎಂದ. ಅವನ ಬೆನ್ನ ಹಿಂದೆ, ಕಲ್ಲಿನಾಚೆ, ಎಲ್ಲೋ ಎರಡು ಸಲ ಸದ್ದಾಯಿತು.

"ಇರ್ಬೋದಪ್ಪ," ಎಂದಳು ಅಜ್ಜಿ. "ಆದ್ರೂ ಸ್ವಲ್ಪ ಈ ಕಡೆ ಸರಿದು ಕೂತ್ಕೋ. ನೀನು ಒರಗಿರೋದು ಅವಳ ಜಾಗ, ಅವಳಿಗೆ ತಟ್ಟೋಕೆ ಆಗ್ತಿಲ್ಲ. ಹೊರಗೆ ಅವನು ಆವಾಗ್ಲಿಂದ ಕಾಯ್ತಿದಾನೆ."