ಮೂರನೇ ಸಲದ ಚೀಟಿ

ತಪಾಸಣಾ ಕೇಂದ್ರದಲ್ಲಿ ನನ್ನ ಗಂಡನ ಹಳೆಯ ವರದಿಗಳಿಗಾಗಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಹೆಂಚಿನ ಕಾರ್ಖಾನೆಯ ಮೇಸ್ತ್ರಿ ಕೂತಿದ್ದ. ಪಕ್ಕದಲ್ಲಿ, ಅದೇ ಕಾರ್ಖಾನೆಯಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಹೆಂಗಸು. ಕುಡಿತ, ಮಾದಕ ವಸ್ತುವಿನ ಪರೀಕ್ಷೆಗೆಂದು ಕೊಟ್ಟ ಖಾಲಿ ಡಬ್ಬಿ ಅವಳ ಕೈಯಲ್ಲಿತ್ತು.

“ಈ ತಿಂಗಳು ಮೂರನೇ ಸಲ ಅಣ್ಣಾ. ಪರೀಕ್ಷೆಗೆ ಯಾರು ಅಂತ ನಲವತ್ತು ಜನರ ಚೀಟಿ ಎತ್ತಿದರೆ ನನ್ನ ಹೆಸರೇ ಬರುತ್ತಾ?”

“ಅದೃಷ್ಟ ಕಣಮ್ಮ.”

“ನನ್ನ ಗಾಡಿಗೆ ಬ್ರೇಕ್ ಹಿಡೀತಿಲ್ಲ ಅಂತ ದೂರು ಬರೆದುಕೊಟ್ಟ ಮರುದಿನವೇ ಖುಲಾಯಿಸಿತು ನೋಡಿ ನನ್ನ ಅದೃಷ್ಟ! ಧಣಿಯ ಭಾಮೈದ ಬೆಳಗ್ಗೇನೇ ಗಬ್ಬು ನಾರ್ತಾ ಲಾರಿ ಹತ್ತುತ್ತಾನೆ. ಅವನ ಚೀಟಿ ಗೆದ್ದಲು ತಿಂತಾ?”

“ಮೆತ್ತಗೆ ಮಾತಾಡು, ಜನ ಇದ್ದಾರೆ.”

“ಇರಲಿ, ಕೇಳಿಸ್ಕೊಳ್ಳಲಿ.”

“ಆ ದೂರು ವಾಪಸ್ ತಗೋ ತಂಗಿ, ನಾಳೆಯಿಂದ ನಿನ್ನ ಚೀಟಿ ಬರಲ್ಲ. ಇಲ್ಲಾಂದ್ರೆ ಕೆಲಸ ಹೋಗುತ್ತೆ. ಬಂಡೆಗೆ ತಲೆ ಚಚ್ಕೋಬೇಡ.”

“ಕುಡಿಯದವಳನ್ನ ಕುಡುಕಿ ಅಂತ ಕೆಲಸದಿಂದ ಹೇಗೆ ತೆಗೀತೀರಿ?”

ಒಳಗಿನಿಂದ ಅವಳ ಸಂಖ್ಯೆ ಕೂಗಿದರು. ಅವಳು ಎದ್ದಳು.

“ಬನ್ನಿ. ಡಬ್ಬಿಗೆ ಸೀಲ್ ಹಾಕುವಾಗ ಅದರ ಮೇಲೆ ನಾನು ಸಹಿ ಮಾಡ್ತೀನಿ, ನೀವೂ ಮಾಡಿ. ಆಮೇಲೆ ಯಾರೂ ಅದಲುಬದಲು ಮಾಡೋ ಹಾಗಿರಬಾರದು.”

“ನಾನ್ಯಾಕೆ?”

“ನಾನು ಆ ಬ್ರೇಕಿಲ್ಲದ ಗಾಡೀನ ಹಿಂದಕ್ಕೆ ತರುವಾಗ, ಹಿಂದೆ ನಿಂತು ‘ಬಾ, ಬಾ’ ಅನ್ನೋದು ನೀವೇ ಅಲ್ವಾ ಅಣ್ಣಾ?”

ಮೇಸ್ತ್ರಿ ಜೇಬಿನಿಂದ ಪೆನ್ನು ತೆಗೆದು ಅವಳ ಹಿಂದೆ ಒಳಗೆ ಹೋದ.